ಗ್ರೀಕ್ ದೇವತೆಗಳೂ ಕಡಲ ತಡಿಯ ಕಥೆಗಳೂ

ಪಡುಗಡಲಿನ ತೀರದಲ್ಲಿ ಭಟ್ಕಳದಿಂದ ಹೊನ್ನಾವರವನ್ನು ದಾಟಿ ಕುಮಟೆಯವರೆಗೆ ಹಬ್ಬಿರುವ ನಾಡು ಅಗಲದಲ್ಲಿ ಕಿರಿದು, ಕಥೆಗಳಲ್ಲಿ ಹಿರಿದು. ಮೂಡಲಲ್ಲಿ ಸಹ್ಯಾದ್ರಿಯ ಹಸುರು ಗೋಡೆ, ಪಡುವಲಲ್ಲಿ ಹಗಲಿರುಳೂ ಮೊರೆಯುವ ಕಡಲು. ಇವೆರಡರ ನಡುವೆ ಶರಾವತಿಯೂ ಅಘನಾಶಿನಿಯೂ ಗದ್ದೆ ತೋಟಗಳನ್ನು ಬಳಸಿ ಹರಿದು ಸಮುದ್ರವನ್ನು ಸೇರುತ್ತವೆ. ಈ ನಾಡಿನಲ್ಲಿ ಒಂದು ಬಂಡೆ ಕಪ್ಪಗಿದ್ದರೆ ಅದಕ್ಕೊಂದು ಕಥೆಯುಂಟು; ಒಂದು ಊರಿಗೆ ಹಸುವಿನ ಕಿವಿಯ ಹೆಸರಿದ್ದರೆ ಅದಕ್ಕೂ ಒಂದು ಕಥೆಯುಂಟು. ಶಾಲೆಗೆ ಹೋಗುವ ಹುಡುಗ ಹುಡುಗಿಯರು ದಿನವೂ ಇಂಥ ಕಥೆಗಳ ನಡುವೆಯೇ ಹಾದುಹೋಗುತ್ತಾರೆ. ಆದರೆ ದಿನವೂ ಕಾಣುವುದನ್ನು ಕಣ್ಣು ಗಮನಿಸುವುದಿಲ್ಲ. ಹತ್ತಿರದ್ದನ್ನು ಚೆನ್ನಾಗಿ ಕಾಣಬೇಕಾದರೆ ಒಮ್ಮೊಮ್ಮೆ ದೂರ ಹೋಗಿ ತಿರುಗಿ ನೋಡಬೇಕಾಗುತ್ತದೆ. ಹಾಗೆ ನಿಂತು ನೋಡಲು ತಕ್ಕ ತಾಣಗಳಲ್ಲಿ ಪ್ರಾಚೀನ ಗ್ರೀಸ್ ದೇಶವೂ ಒಂದು.

ಗ್ರೀಸ್ ದೇಶವೂ ಬೆಟ್ಟ ಕಡಲುಗಳ ನಾಡು. ಅಲ್ಲಿನ ಬೆಟ್ಟಗಳಲ್ಲೆಲ್ಲ ಎತ್ತರವಾದುದು ಒಲಿಂಪಸ್. 2917 ಮೀಟರುಗಳಷ್ಟು ಎತ್ತರವಾಗಿ, ಮೋಡಗಳಲ್ಲಿ ತಲೆಮರೆಸಿಕೊಂಡು ನಿಂತ ಆ ಶಿಖರವನ್ನು ಗ್ರೀಕರು ದೇವತೆಗಳ ಮನೆಯೆಂದು ಬಗೆದರು. ಆ ಮನೆಯಲ್ಲಿ ಮುಖ್ಯರಾದವರು ಹನ್ನೆರಡು ಮಂದಿ. ಸಿಡಿಲನ್ನು ಆಯುಧವಾಗಿ ಹಿಡಿದ ಸ್ಯೂಸ್ ಅವರೆಲ್ಲರ ಒಡೆಯ. ಹೀರಾ ಅವನ ರಾಣಿ. ಸ್ಯೂಸನ ಸೋದರನಾದ ಪೊಸೈಡನ್ ತ್ರಿಶೂಲವನ್ನು ಹಿಡಿದು ಸಮುದ್ರವನ್ನು ಆಳುತ್ತಿದ್ದನು. ಅಥೀನಾ ವಿವೇಕಕ್ಕೂ ನೇಯ್ಗೆಗೂ ಯುದ್ಧನೀತಿಗೂ ಅಧಿದೇವತೆ. ಅಪೊಲೋ ಸಂಗೀತಕ್ಕೂ ಭವಿಷ್ಯವಾಣಿಗೂ ಒಡೆಯ. ಅವನ ಅವಳಿ ಸೋದರಿಯಾದ ಆರ್ಟೆಮಿಸ್ ಕಾಡಿನ ಬೇಟೆಗಾರ್ತಿ. ಡಿಮೀಟರ್ ಬೆಳೆಯ ತಾಯಿ. ಅಫ್ರೊಡೈಟಿ ಪ್ರೇಮದ ದೇವತೆ. ಕುಂಟನಾದ ಹೆಫೇಸ್ಟಸ್ ದೇವತೆಗಳ ಕಮ್ಮಾರ. ಹರ್ಮಿಸ್ ದೂತ, ದಾರಿಹೋಕರನ್ನೂ ವ್ಯಾಪಾರಿಗಳನ್ನೂ ಕಾಯುವವನು. ಡಯೊನೀಸಸ್ ದ್ರಾಕ್ಷಿಯ ತೋಟಕ್ಕೂ ನಾಟಕದ ರಂಗಕ್ಕೂ ದೇವರು.

ಈ ದೇವತೆಗಳು ಮನುಷ್ಯರಂತೆಯೇ ಸಿಟ್ಟಾಗುತ್ತಿದ್ದರು, ಹೊಟ್ಟೆಕಿಚ್ಚು ಪಡುತ್ತಿದ್ದರು, ಪಕ್ಷಪಾತ ಮಾಡುತ್ತಿದ್ದರು. ಇದನ್ನು ಕಂಡು ಮೊದಲು ತಕರಾರೆತ್ತಿದವರು ಹೊರಗಿನವರಲ್ಲ, ಗ್ರೀಕರೇ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಹುಟ್ಟಿದ ಜೆನೊಫನೀಸ್ ಎಂಬ ಚಿಂತಕನು, ಪ್ರತಿಯೊಂದು ಜನಾಂಗವೂ ತನ್ನ ದೇವರಿಗೆ ತನ್ನದೇ ಮುಖವನ್ನು ಕೊಡುತ್ತದೆ ಎಂದು ವಾದಿಸಿದನು. ಎತ್ತುಗಳಿಗೂ ಕುದುರೆಗಳಿಗೂ ಕೈಗಳಿದ್ದು ಚಿತ್ರ ಬರೆಯಲು ಬಂದಿದ್ದರೆ, ಅವು ತಮ್ಮ ದೇವರನ್ನು ಎತ್ತಿನ ರೂಪದಲ್ಲಿಯೂ ಕುದುರೆಯ ರೂಪದಲ್ಲಿಯೂ ಬರೆಯುತ್ತಿದ್ದವು ಎಂಬುದು ಅವನ ಮಾತಿನ ಸಾರ. ಈ ಮಾತಿನಲ್ಲಿ ಹಾಸ್ಯವಿದೆ. ಅದಕ್ಕಿಂತ ಮಿಗಿಲಾಗಿ ಒಂದು ಸತ್ಯವಿದೆ. ಪುರಾಣಕಥೆಯನ್ನು ಓದುವವನು ದೇವರ ವಿಚಾರವನ್ನಷ್ಟೇ ಅಲ್ಲ, ಆ ಕಥೆಯನ್ನು ಕಟ್ಟಿದ ಜನರ ವಿಚಾರವನ್ನೂ ತಿಳಿಯುತ್ತಾನೆ. ಅವರ ಭಯವೇನು, ಆಸೆಯೇನು, ಅವರು ಯಾವುದನ್ನು ಧರ್ಮವೆಂದು ಬಗೆದರು ಎಂಬುದೆಲ್ಲವೂ ಕಥೆಯಲ್ಲಿ ಅಚ್ಚೊತ್ತಿ ನಿಂತಿರುತ್ತದೆ. ಆದುದರಿಂದ ಗ್ರೀಕರ ಕಥೆಗಳನ್ನು ಕರಾವಳಿಯ ಕಥೆಗಳ ಪಕ್ಕದಲ್ಲಿಟ್ಟು ನೋಡುವುದು ಕೇವಲ ಕುತೂಹಲದ ಕೆಲಸವಲ್ಲ. ಅದು ಜನರನ್ನು ಅರಿಯುವ ಕೆಲಸ.

ಮೊದಲು ಗೋಕರ್ಣದ ಕಥೆಯನ್ನೇ ತೆಗೆದುಕೊಳ್ಳಬಹುದು. ಕುಮಟಾ ತಾಲ್ಲೂಕಿನ ಈ ಕ್ಷೇತ್ರದ ಕಥೆ ಎಲ್ಲರಿಗೂ ತಿಳಿದದ್ದೇ. ರಾವಣನ ತಾಯಿ ಕೈಕಸಿ ಕಡಲ ದಂಡೆಯಲ್ಲಿ ಮರಳಿನ ಲಿಂಗವನ್ನು ಮಾಡಿ ಪೂಜಿಸುತ್ತಿದ್ದಳು. ಅಲೆ ಬಂದು ಅದನ್ನು ಕೊಚ್ಚಿಕೊಂಡು ಹೋಯಿತು. ತಾಯಿಯ ಕಣ್ಣೀರನ್ನು ಕಂಡ ಮಗನು ಶಿವನ ಆತ್ಮಲಿಂಗವನ್ನೇ ತರುತ್ತೇನೆಂದು ಹೊರಟು, ಘೋರವಾದ ತಪಸ್ಸು ಮಾಡಿ ಅದನ್ನು ಪಡೆದನು. ನೆಲದ ಮೇಲೆ ಇಡಬಾರದೆಂಬುದು ಕಟ್ಟಳೆ. ಆತ್ಮಲಿಂಗವು ಲಂಕೆಗೆ ಸೇರಿದರೆ ರಾವಣನನ್ನು ತಡೆಯುವವರೇ ಇಲ್ಲವೆಂದು ದೇವತೆಗಳು ಹೆದರಿದರು. ವಿಷ್ಣು ಸೂರ್ಯನನ್ನು ಮರೆಮಾಡಿದನು. ಸಂಜೆಯಾಯಿತೆಂದು ತಿಳಿದ ರಾವಣನು ಸಂಧ್ಯಾವಂದನೆಗೆ ನಿಲ್ಲಬೇಕಾಯಿತು. ಆಗ ದನ ಕಾಯುವ ಹುಡುಗನ ವೇಷದಲ್ಲಿ ಬಂದ ಗಣಪತಿ ಲಿಂಗವನ್ನು ಕೈಯಲ್ಲಿ ಹಿಡಿದನು. ಮೂರು ಸಲ ಕೂಗಿ, ರಾವಣನು ಬರುವಷ್ಟರಲ್ಲಿ ಅದನ್ನು ನೆಲಕ್ಕಿಟ್ಟನು. ಕೋಪಗೊಂಡ ರಾವಣನು ಹುಡುಗನ ತಲೆಗೆ ಗುದ್ದಿದನು. ನೆಲದೊಳಗೆ ಇಳಿಯುತ್ತಿದ್ದ ಹಸುವನ್ನು ಹಿಡಿದೆಳೆಯಲು ಅದರ ಕಿವಿ ಮಾತ್ರ ಕೈಗೆ ಸಿಕ್ಕಿತು. ಲಿಂಗವನ್ನು ಕೀಳಲಾರದೆ ಅವನು ಎಸೆದ ಚೂರುಗಳೂ ಹೊದಿಕೆಗಳೂ ಬಿದ್ದ ಸ್ಥಳಗಳೇ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರ, ಹೊನ್ನಾವರ ತಾಲ್ಲೂಕಿನ ಗುಣವಂತೆ, ಕುಮಟಾ ತಾಲ್ಲೂಕಿನ ಧಾರೇಶ್ವರ ಮುಂತಾದ ಕ್ಷೇತ್ರಗಳಾದವು ಎಂದು ಜನ ನಂಬುತ್ತಾರೆ. ಗೋಕರ್ಣದ ಮಹಾಗಣಪತಿಯ ತಲೆಯ ಮೇಲಿನ ತಗ್ಗನ್ನು ರಾವಣನ ಗುದ್ದಿನ ಗುರುತೆಂದು ಇಂದಿಗೂ ತೋರಿಸುತ್ತಾರೆ.

ಗ್ರೀಕರಲ್ಲಿಯೂ ಹಸುಗಳ ಹಿಂದೆ ಹೋದ ಒಬ್ಬ ತುಂಟ ಬಾಲದೇವತೆಯಿದ್ದಾನೆ. ಅವನೇ ಹರ್ಮಿಸ್. ಅವನು ಬೆಳಿಗ್ಗೆ ಒಂದು ಗುಹೆಯಲ್ಲಿ ಹುಟ್ಟಿದನು. ಮಧ್ಯಾಹ್ನಕ್ಕೆ ಆಮೆಯ ಚಿಪ್ಪಿಗೆ ತಂತಿ ಬಿಗಿದು ವೀಣೆಯಂಥ ವಾದ್ಯವನ್ನು ಮಾಡಿದನು. ಸಂಜೆಗೆ ಅಣ್ಣನಾದ ಅಪೊಲೋವಿನ ಹಸುಗಳನ್ನು ಕದ್ದನು. ಹೆಜ್ಜೆಯ ಗುರುತು ಹಿಡಿದು ಯಾರೂ ಬರಬಾರದೆಂದು ಹಸುಗಳನ್ನು ಹಿಂದುಹಿಂದಾಗಿ ನಡೆಸಿದನಂತೆ. ಕೊನೆಗೆ ಸಿಕ್ಕಿಬಿದ್ದಾಗ ತನ್ನ ವಾದ್ಯವನ್ನು ನುಡಿಸಿ ಅಣ್ಣನ ಕೋಪವನ್ನು ಇಳಿಸಿ, ಅದನ್ನು ಅವನಿಗೇ ಕೊಟ್ಟುಬಿಟ್ಟನು. ಎರಡು ಕಥೆಗಳಲ್ಲಿಯೂ ಹುಡುಗನಿದ್ದಾನೆ, ಹಸುವಿದೆ, ಯುಕ್ತಿಯಿದೆ, ಬಲಶಾಲಿಯ ಸೋಲಿದೆ. ಆದರೆ ಭೇದವನ್ನೂ ಗಮನಿಸಬೇಕು. ಹರ್ಮಿಸನ ಯುಕ್ತಿ ತನಗಾಗಿ. ಗೋಕರ್ಣದ ಹುಡುಗನ ಯುಕ್ತಿ ಲೋಕಕ್ಕಾಗಿ. ಹರ್ಮಿಸನಿಗೆ ಹಾಡು ರಕ್ಷೆಯಾಯಿತು. ಗಣಪತಿಗೆ ತಲೆಯ ಮೇಲೊಂದು ಪೆಟ್ಟು ಬಿತ್ತು. ಲೋಕಕ್ಕಾಗಿ ಮಾಡಿದ ಯುಕ್ತಿಗೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಕರಾವಳಿಯ ಕಥೆ ಮರೆಯಲಿಲ್ಲ. ಇನ್ನೊಂದು ಮಾತು. ರಾವಣನು ಇಲ್ಲಿ ಕೇವಲ ದುಷ್ಟನಲ್ಲ. ಅವನು ತಾಯಿಯ ಮಗ, ಮಹಾಭಕ್ತ. ದೊಡ್ಡವನೊಬ್ಬನು ತನ್ನ ಒಂದು ಅತಿಯಿಂದ ಕೆಡುವುದನ್ನು ಗ್ರೀಕರು ತಮ್ಮ ದುರಂತ ನಾಟಕಗಳ ತಿರುಳಾಗಿ ಮಾಡಿಕೊಂಡರು. ಗೋಕರ್ಣದ ಕಥೆಯನ್ನು ಕೇಳಿ ರಾವಣನಿಗಾಗಿ ಒಂದು ಕ್ಷಣ ಮರುಗಿದ ಹಳ್ಳಿಯ ಮಗುವಿಗೆ ಆ ನಾಟಕಗಳ ಬಾಗಿಲು ಆಗಲೇ ತೆರೆದಂತಾಯಿತು.

ಕುಮಟಾ ತಾಲ್ಲೂಕಿನ ಯಾಣದ ಕಥೆಯೂ ಹೀಗೆಯೇ. ದಟ್ಟವಾದ ಕಾಡಿನ ನಡುವೆ ಭೈರವೇಶ್ವರ ಶಿಖರ, ಮೋಹಿನಿ ಶಿಖರ ಎಂಬ ಎರಡು ಕರಿಯ ಬಂಡೆಗಳು ಮುಗಿಲಿಗೆ ಚಾಚಿವೆ. ಮೊದಲನೆಯದು ಸುಮಾರು 120 ಮೀಟರ್ ಎತ್ತರ, ಎರಡನೆಯದು ಸುಮಾರು 90 ಮೀಟರ್. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವ ವರವನ್ನು ಪಡೆದ ಭಸ್ಮಾಸುರನು ವರ ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದನು. ಮೋಹಿನಿಯೊಡನೆ ಕುಣಿಯುತ್ತ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದನು. ಆ ಬೆಂಕಿಯಿಂದಲೇ ಯಾಣದ ಕಲ್ಲೂ ಮಣ್ಣೂ ಕಪ್ಪಾದವು ಎಂಬುದು ಸ್ಥಳಪುರಾಣ. ಸುಣ್ಣದ ಅಂಶವುಳ್ಳ ಶಿಲೆಯು ಬಹುಕಾಲ ಮಳೆನೀರಿಗೆ ಸವೆದು ಈ ಮೊನಚಾದ ಆಕಾರವನ್ನು ಪಡೆಯಿತೆಂಬುದು ಭೂವಿಜ್ಞಾನದ ವಿವರಣೆ. ಗ್ರೀಕರ ಮೈಡಾಸ್ ದೊರೆಯ ಕಥೆ ಇದಕ್ಕೆ ಹತ್ತಿರದ್ದು. ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ಅವನು ಡಯೊನೀಸಸನಿಂದ ವರ ಪಡೆದನು. ಅನ್ನವೂ ಚಿನ್ನವಾದಾಗ ಹಸಿವಿನಿಂದ ಕಂಗೆಟ್ಟನು. ಆದರೆ ಮೈಡಾಸನು ತನ್ನ ತಪ್ಪನ್ನು ಒಪ್ಪಿಕೊಂಡು ಬೇಡಿಕೊಂಡನು. ಪ್ಯಾಕ್ಟೋಲಸ್ ನದಿಯಲ್ಲಿ ಮಿಂದು ಆ ವರದಿಂದ ಬಿಡುಗಡೆ ಪಡೆದನು. ಭಸ್ಮಾಸುರನಿಗೆ ಪಶ್ಚಾತ್ತಾಪವೂ ಇಲ್ಲ, ಬಿಡುಗಡೆಯೂ ಇಲ್ಲ. ಒಂದೇ ಬೀಜ ಎರಡು ನೆಲಗಳಲ್ಲಿ ಎರಡು ಬಗೆಯ ಗಿಡವಾಗಿ ಬೆಳೆದಂತೆ ಈ ಕಥೆಗಳು ತೋರುತ್ತವೆ. ಶಕ್ತಿಯನ್ನು ಪಡೆದವನು ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಅರಿಯದಿದ್ದರೆ ಅದು ಅವನನ್ನೇ ಸುಡುತ್ತದೆ ಎಂಬ ಮಾತು ಅಣುಶಕ್ತಿಯ ಈ ಯುಗಕ್ಕೂ ಹಳೆಯದಾಗಿಲ್ಲ.

ಕಡಲನ್ನು ಕುರಿತ ಕಥೆಗಳನ್ನು ನೋಡಿದರೆ ಜನರ ಬದುಕು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಥೆನ್ಸ್ ನಗರ ಯಾರಿಗೆ ಸಲ್ಲಬೇಕೆಂದು ಪೊಸೈಡನನಿಗೂ ಅಥೀನಾಳಿಗೂ ಸ್ಪರ್ಧೆ ನಡೆಯಿತಂತೆ. ಪೊಸೈಡನನು ತ್ರಿಶೂಲದಿಂದ ಬಂಡೆಯನ್ನು ತಿವಿಯಲು ಉಪ್ಪುನೀರಿನ ಬುಗ್ಗೆ ಚಿಮ್ಮಿತು. ಅಥೀನಾ ಆಲಿವ್ ಗಿಡವನ್ನು ನೆಟ್ಟಳು. ಎಣ್ಣೆ, ಹಣ್ಣು, ಸೌದೆಗಳನ್ನು ಕೊಡುವ ಗಿಡವೇ ಮೇಲೆಂದು ತೀರ್ಪಾಯಿತು. ನಗರಕ್ಕೆ ದೇವಿಯ ಹೆಸರೇ ನಿಂತಿತು. ಕರಾವಳಿಯ ಜನರು ತಮ್ಮ ನೆಲವನ್ನು ಪರಶುರಾಮ ಕ್ಷೇತ್ರವೆಂದು ಕರೆಯುತ್ತಾರೆ. ಪರಶುರಾಮನು ಕೊಡಲಿಯನ್ನೆಸೆದು ಸಮುದ್ರವನ್ನು ಹಿಂದಕ್ಕೆ ಸರಿಸಿ ಈ ನೆಲವನ್ನು ಪಡೆದನೆಂಬುದು ಅವರ ಪುರಾಣ. ನೆಲ ಕಡಲುಗಳ ಈ ಹೋರಾಟ ಎರಡು ನಾಡುಗಳಲ್ಲಿಯೂ ಕೇವಲ ಕಲ್ಪನೆಯಲ್ಲ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಅಳಿವೆಯ ಬಳಿಯ ಗಜನಿ ಭೂಮಿಯಲ್ಲಿ ರೈತರು ಉಪ್ಪುನೀರನ್ನು ಒಡ್ಡುಗಳಿಂದ ತಡೆದು, ಉಪ್ಪನ್ನು ಸಹಿಸಬಲ್ಲ ‘ಕಗ್ಗ’ ಎಂಬ ಭತ್ತವನ್ನು ತಲೆಮಾರುಗಳಿಂದ ಬೆಳೆದುಕೊಂಡು ಬಂದಿದ್ದಾರೆ. ಉಪ್ಪಿನ ಬುಗ್ಗೆಗಿಂತ ಗಿಡ ಮೇಲೇಕೆಂದು ಆ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೂ ಅವರು ಕಡಲನ್ನು ದ್ವೇಷಿಸಲಿಲ್ಲ. ಶ್ರಾವಣದ ಹುಣ್ಣಿಮೆಯಂದು ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿಯನ್ನು ಅರ್ಪಿಸಿ, ದೋಣಿಗಳನ್ನು ಕಾಪಾಡೆಂದು ಬೇಡಿಕೊಳ್ಳುತ್ತಾರೆ. ಗ್ರೀಸಿನ ಸೌನಿಯನ್ ಭೂಶಿರದ ತುದಿಯಲ್ಲಿ ಪೊಸೈಡನನಿಗೆ ಗುಡಿ ಕಟ್ಟಿದ ನಾವಿಕರ ಮನಸ್ಸೂ, ಮೂರು ಕಡೆ ಕಡಲು ಸುತ್ತಿದ ಕಂದುಕಗಿರಿಯ ಮುರ್ಡೇಶ್ವರನಿಗೆ ದೋಣಿಯಿಂದಲೇ ಕೈಮುಗಿಯುವ ಮೀನುಗಾರನ ಮನಸ್ಸೂ ಬೇರೆಬೇರೆಯಲ್ಲ.

ಬೆಳೆಯ ವಿಷಯದಲ್ಲಿಯೂ ಹೀಗೆಯೇ. ಡಿಮೀಟರಳ ಮಗಳು ಪರ್ಸಿಫೋನೆಯನ್ನು ಪಾತಾಳದ ಒಡೆಯ ಹೇಡಿಸ್ ಕದ್ದೊಯ್ದನು. ತಾಯಿ ದುಃಖದಿಂದ ಭೂಮಿಯನ್ನು ಬರಡಾಗಿಸಿದಳು. ಕೊನೆಗೆ ಮಗಳು ವರ್ಷದ ಒಂದು ಪಾಲನ್ನು ಪಾತಾಳದಲ್ಲಿಯೂ ಉಳಿದುದನ್ನು ತಾಯಿಯೊಡನೆಯೂ ಕಳೆಯಬೇಕೆಂದು ಒಪ್ಪಂದವಾಯಿತು. ಮಗಳು ಮರಳಿದಾಗ ಭೂಮಿ ಹಸುರಾಗುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳ ರೈತರು ಭೂಮಿ ಹುಣ್ಣಿಮೆಯಂದು ಗದ್ದೆಗೆ ಹೋಗಿ, ತೆನೆ ತುಂಬುತ್ತಿರುವ ಭೂಮಿಯನ್ನು ಬಸುರಿಯೆಂದು ಭಾವಿಸಿ, ಬಸುರಿಗೆ ಬಡಿಸುವಂತೆಯೇ ಬಗೆಬಗೆಯ ಅಡಿಗೆಗಳನ್ನು ಬಡಿಸುತ್ತಾರೆ. ಭೂಮಿಯನ್ನು ಸರಕೆಂದು ಬಗೆಯದೆ ತಾಯಿಯೆಂದು ಬಗೆದ ಜನ ಎರಡು ಕಡೆಗಳಲ್ಲಿಯೂ ಇದ್ದರು.

ರಂಗಭೂಮಿಯಲ್ಲಂತೂ ಈ ಹೋಲಿಕೆ ಕಣ್ಣಿಗೆ ಕಟ್ಟುವಂತಿದೆ. ಗ್ರೀಕರ ನಾಟಕ ಹುಟ್ಟಿದ್ದು ಡಯೊನೀಸಸನ ಉತ್ಸವದಲ್ಲಿ. ಅಥೆನ್ಸಿನ ಗುಡ್ಡದ ಇಳಿಜಾರಿನಲ್ಲಿ, ಬಯಲಿನಲ್ಲಿ, ಊರಿಗೆ ಊರೇ ಕುಳಿತು ನಾಟಕವನ್ನು ನೋಡುತ್ತಿತ್ತು. ನಟರೆಲ್ಲ ಗಂಡಸರು; ಅವರು ಮುಖವಾಡ ಧರಿಸುತ್ತಿದ್ದರು. ಹಾಡುತ್ತ ಕುಣಿಯುತ್ತ ಕಥೆಯನ್ನು ನಡೆಸುವ ಮೇಳವೊಂದು ಅಲ್ಲಿರುತ್ತಿತ್ತು. ಹೊನ್ನಾವರ ಕುಮಟೆಗಳಲ್ಲಿ ಸುಗ್ಗಿ ಮುಗಿದ ಗದ್ದೆಯ ಬಯಲಿನಲ್ಲಿ ನಡೆಯುವ ಯಕ್ಷಗಾನವನ್ನು ಕಂಡವರಿಗೆ ಈ ವರ್ಣನೆ ಹೊಸದೆನಿಸದು. ಇಲ್ಲಿಯೂ ಆಟವೆಂಬುದು ಬಹಳ ಕಾಲ ದೇವರಿಗೆ ಸಲ್ಲಿಸುವ ಹರಕೆ. ಸ್ತ್ರೀವೇಷವನ್ನು ಕಟ್ಟುತ್ತಿದ್ದವರು ಗಂಡಸರು. ಮುಖವಾಡದ ಬದಲು ಮುಖದ ಮೇಲೆ ಬಣ್ಣ. ಮೇಳದ ಬದಲು ಭಾಗವತನ ಹಾಡು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹೆಸರಿನಲ್ಲಿಯೇ ಗಣಪತಿಯ ಕ್ಷೇತ್ರವಿದೆ. ಹೊನ್ನಾವರ ತಾಲ್ಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನ ಪಾತ್ರವನ್ನು ನೋಡಲು ಜನ ರಾತ್ರಿಯೆಲ್ಲ ಎಚ್ಚರವಿರುತ್ತಿದ್ದರು. ಯಾಣದ ಬಂಡೆಯಲ್ಲಿ ಕಲ್ಲಾಗಿ ನಿಂತ ಕಥೆ ಗದ್ದೆಯ ಬಯಲಿನಲ್ಲಿ ಉಸಿರಾಡಿದ್ದು ಹೀಗೆ.

ಇಂಥ ಹೋಲಿಕೆಗಳನ್ನು ಕಂಡಾಗ ಕೆಲವರು ಅವಸರದ ತೀರ್ಮಾನಕ್ಕೆ ಬರುತ್ತಾರೆ. ಗ್ರೀಕರ ಕಥೆಗಳೆಲ್ಲ ಭಾರತದಿಂದ ಹೋದವು ಎಂದು ಒಬ್ಬರು ಹೇಳಿದರೆ, ಭಾರತದವೇ ಅಲ್ಲಿಂದ ಬಂದವು ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಎರಡು ಮಾತುಗಳೂ ವಿವೇಕದ ಮಾತುಗಳಲ್ಲ. ಕೆಲವು ಹೆಸರುಗಳಲ್ಲಿ ನಿಜವಾದ ಬಂಧುತ್ವವಿದೆ. ವೇದದ ದ್ಯೌಃ ಎಂಬ ಆಕಾಶದೇವತೆಯ ಹೆಸರೂ ಸ್ಯೂಸ್ ಎಂಬ ಹೆಸರೂ ಒಂದೇ ಮೂಲದವು. ಉಷಸ್ ಎಂಬುದೂ ಗ್ರೀಕರ ಮುಂಜಾವಿನ ದೇವತೆ ಈಯೋಸ್ ಎಂಬುದೂ ಹಾಗೆಯೇ. ಇವು ಒಂದರಿಂದ ಒಂದು ಕದ್ದುದಲ್ಲ. ಸಂಸ್ಕೃತ ಮತ್ತು ಗ್ರೀಕ್ ಭಾಷೆಗಳು ಒಂದೇ ಪೂರ್ವಭಾಷೆಯಿಂದ ಕವಲೊಡೆದು ಬಂದುದರ ಫಲ. ಆದರೆ ಎಲ್ಲ ಹೋಲಿಕೆಗಳೂ ಇಂಥವಲ್ಲ. ವಿಲಿಯಂ ಜೋನ್ಸ್ ಎಂಬ ವಿದ್ವಾಂಸನು 1784ರಲ್ಲಿ ಗ್ರೀಸ್, ಇಟಲಿ, ಭಾರತಗಳ ದೇವತೆಗಳನ್ನು ಹೋಲಿಸಿ ಒಂದು ಪ್ರಬಂಧವನ್ನು ಬರೆದನು. ಅದರಲ್ಲಿ ಅವನು ಗಣೇಶನನ್ನು ರೋಮನರ ಜೇನಸ್ ದೇವತೆಯೊಡನೆ ಸಮೀಕರಿಸಿದ್ದನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಅಷ್ಟು ದೊಡ್ಡ ಪಂಡಿತನೂ ಎಡವಿದ ದಾರಿಯಲ್ಲಿ ಉಳಿದವರು ಎಚ್ಚರಿಕೆಯಿಂದ ನಡೆಯಬೇಕು. ಬಹಳಷ್ಟು ಸಾಮ್ಯಗಳಿಗೆ ಕಾರಣ ಸಾಲವೂ ಅಲ್ಲ, ಕಳವೂ ಅಲ್ಲ. ಮಳೆಗಾಗಿ ಆಕಾಶವನ್ನು ನೋಡುವ ರೈತನೂ ಅಲೆಗೆ ಅಂಜುವ ನಾವಿಕನೂ ಎಲ್ಲ ನಾಡುಗಳಲ್ಲಿಯೂ ಇದ್ದಾರೆ ಎಂಬುದೇ ಕಾರಣ.

ಹಾಗೆಂದು ಎರಡು ಜನಗಳ ಭೇಟಿಯೇ ಆಗಲಿಲ್ಲವೆಂದಲ್ಲ. ಗ್ರೀಕ್ ಭಾಷೆಯ ಹಡಗುಗಾರರು ಸುಮಾರು 2000 ವರ್ಷಗಳ ಹಿಂದೆ ಮುಂಗಾರಿನ ಗಾಳಿಯನ್ನು ಹಿಡಿದು ಭಾರತದ ಪಡುವಣ ತೀರಕ್ಕೆ ಬರುತ್ತಿದ್ದರು. ಆ ಕಾಲದ ಒಂದು ಗ್ರೀಕ್ ನೌಕಾಗ್ರಂಥವಾದ ‘ಪೆರಿಪ್ಲಸ್’ನಲ್ಲಿ ಬರುವ ‘ನೌರಾ’ ಎಂಬ ಬಂದರು ಹೊನ್ನಾವರವೇ ಎಂದು ಕೆಲವರು ಊಹಿಸಿದರು. ಕಣ್ಣೂರೆಂದು ಹೇಳಿದವರೂ ಉಂಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಮಣ್ಣಿನಡಿಯಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದು ಇನ್ನೂ ಸ್ವಾರಸ್ಯವಾದುದು. ಖಾರಿಟಿಯನ್ ಎಂಬ ಗ್ರೀಕ್ ಯುವತಿ ಭಾರತದ ಕಡಲ ತೀರದಲ್ಲಿ ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಲು ಅವಳ ಸೋದರನು ಹಡಗಿನಲ್ಲಿ ಬರುತ್ತಾನೆ. ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಎಲ್ಲರೂ ಪಾರಾಗುತ್ತಾರೆ. ಆ ನಾಟಕದಲ್ಲಿ ರಾಜನೂ ಅವನ ಕಡೆಯವರೂ ಆಡುವ ಮಾತುಗಳಲ್ಲಿ ಕನ್ನಡವಿದೆಯೆಂದು ಹುಲ್ಟ್‌ಷ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ವಾದಿಸಿದರು. ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಮಾತುಗಳನ್ನು ಕನ್ನಡವೆಂದೇ ಓದಲು ಶ್ರಮಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೆ ನಾಟಕದ ಒಂದು ಸನ್ನಿವೇಶವನ್ನು ಮಾತ್ರ ಮರೆಯಲಾಗದು. ಓಡಿಹೋಗುವ ಮುನ್ನ ಗುಡಿಯ ಕಾಣಿಕೆಯನ್ನು ಕದ್ದುಕೊಂಡು ಹೋಗೋಣವೆಂದು ವಿದೂಷಕನು ಹೇಳುತ್ತಾನೆ. ಖಾರಿಟಿಯನ್ ಅವನನ್ನು ತಡೆಯುತ್ತಾಳೆ. ರಕ್ಷಣೆಯನ್ನು ಬೇಡುವವರು ಕೆಟ್ಟ ಕೆಲಸ ಮಾಡಿದರೆ ದೇವತೆಗಳು ಕಿವಿಗೊಡುವರೇ ಎಂದು ಕೇಳುತ್ತಾಳೆ. ತನ್ನನ್ನು ಸೆರೆಯಲ್ಲಿಟ್ಟವರ ಗುಡಿಯನ್ನೂ ಅವಳು ಗೌರವಿಸಿದಳು.

ಆ ಗೌರವದ ಪಾಠ ಕರಾವಳಿಯ ಮಕ್ಕಳಿಗೆ ಬಹಳ ಅಗತ್ಯವಾದುದು. ಭಟ್ಕಳದಲ್ಲಿ ಹದಿನಾರನೆಯ ಶತಮಾನದ ಖೇತಪೈ ನಾರಾಯಣ ದೇವಾಲಯದ ಗೋಡೆಗಳ ಮೇಲೆ ರಾಮಾಯಣದ ದೃಶ್ಯಗಳನ್ನು ಕೆತ್ತಲಾಗಿದೆ. ಅದೇ ಊರಿನಲ್ಲಿ ಜೈನ ಬಸದಿಗಳಿವೆ, ಹಳೆಯ ಮಸೀದಿಗಳಿವೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನೆಂಬ ಪ್ರವಾಸಿಯು ಅಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಶಾಲೆಗಳಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಹಲವು ಮತಗಳ ಜನ ಒಂದೇ ಸಂತೆಯಲ್ಲಿ ಕೊಂಡು ಮಾರಿ ಬದುಕಿದ ನಾಡು ಇದು. ಇಂದು ಸ್ಯೂಸನನ್ನು ಹೀಯಾಳಿಸಿದರೆ ನೋಯುವ ನೆರೆಯವರು ಇಲ್ಲಿ ಯಾರೂ ಇಲ್ಲ. ಆದರೂ ಅವನ ಕಥೆಯನ್ನು ಮರ್ಯಾದೆಯಿಂದ ಕೇಳಲು ಕಲಿತವನಿಗೆ ನೆರೆಮನೆಯವನ ನಂಬಿಕೆಯನ್ನು ಮರ್ಯಾದೆಯಿಂದ ಕಾಣುವುದು ಕಷ್ಟವಾಗಲಾರದು. ದೂರದ ದೇವರ ಮುಂದೆ ಕಲಿತ ಸೌಜನ್ಯ ಹತ್ತಿರದ ಮನುಷ್ಯನ ಮುಂದೆ ಉಪಯೋಗಕ್ಕೆ ಬರುತ್ತದೆ.

ಪರದೇಶದ ದೇವತೆಗಳ ಕಥೆಗಳಿಗೆ ಶಾಲೆಯಲ್ಲಿ ಸಮಯವನ್ನೇಕೆ ಕೊಡಬೇಕೆಂದು ಕೆಲವರು ಕೇಳಬಹುದು. ಅವರಿಗೆ ಉತ್ತರವನ್ನು ಕನ್ನಡದ ಹಿರಿಯರೇ ಕೊಟ್ಟಿದ್ದಾರೆ. ಬಿ. ಎಂ. ಶ್ರೀಕಂಠಯ್ಯನವರು ಸೋಫೋಕ್ಲಿಸನ ‘ಅಜಾಕ್ಸ್’ ನಾಟಕವನ್ನು ಓದಿ 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ರಚಿಸಿದರು. ಗ್ರೀಕ್ ವೀರನ ದುಃಖಕ್ಕೆ ಅವರು ಮಹಾಭಾರತದ ವೀರನಲ್ಲಿ ಮನೆಮಾಡಿಕೊಟ್ಟರು. ಪರರ ಕಥೆಯನ್ನು ಓದಿದ್ದರಿಂದ ಕನ್ನಡ ಬಡವಾಗಲಿಲ್ಲ. ತನ್ನದೇ ಕಥೆಯೊಂದನ್ನು ಹೊಸ ಕಣ್ಣಿನಿಂದ ಕಂಡಿತು. ಮತ್ತೆ ಕೆಲವರು, ಇವೆಲ್ಲ ಸುಳ್ಳು, ವಿಜ್ಞಾನದ ಯುಗಕ್ಕೆ ಬೇಡ ಎನ್ನಬಹುದು. ಯಾಣದ ಶಿಲೆ ಏಕೆ ಕಪ್ಪು ಎಂದು ಕೇಳಿದರೆ ಭೂವಿಜ್ಞಾನವೇ ಸರಿಯಾದ ಉತ್ತರವನ್ನು ಹೇಳಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಶಕ್ತಿ ಸಿಕ್ಕಿದವನು ಏಕೆ ಕೆಡುತ್ತಾನೆ ಎಂಬ ಪ್ರಶ್ನೆಗೆ ಬಂಡೆಯ ರಸಾಯನದಲ್ಲಿ ಉತ್ತರವಿಲ್ಲ. ಅದು ಭಸ್ಮಾಸುರನ ಕಥೆಯಲ್ಲಿದೆ. ಎರಡು ಪ್ರಶ್ನೆಗಳನ್ನು ಬೆರೆಸದೆ, ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಡದೆ ಇರುವುದೇ ವಿದ್ಯಾವಂತನ ಲಕ್ಷಣ.

ಕೊನೆಯದಾಗಿ, ಗ್ರೀಕ್ ದೇವತೆಗಳ ಗತಿಯೇ ಒಂದು ದೊಡ್ಡ ಪಾಠ. ಕ್ರಿಸ್ತಶಕ ನಾಲ್ಕನೆಯ ಶತಮಾನದ ಕೊನೆಯಲ್ಲಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವತೆಗಳ ಪೂಜೆಯನ್ನು ನಿಷೇಧಿಸಿದನು. ಗುಡಿಗಳ ಬಾಗಿಲು ಮುಚ್ಚಿತು. ಅಥೀನಾಳ ಪಾರ್ಥೆನಾನ್ ಮಂದಿರ ಮೊದಲು ಚರ್ಚಾಯಿತು, ಅನಂತರ ಮಸೀದಿಯಾಯಿತು. 1687ರ ಯುದ್ಧದಲ್ಲಿ ಅದರೊಳಗೆ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ತಗಲಿ ಸಿಡಿಯಿತು. ಇಂದು ಅಲ್ಲಿ ಉಳಿದಿರುವುದು ಕಂಬಗಳು. ಆದರೆ ಕಥೆಗಳು ಉಳಿದವು. ಕವಿಗಳು, ಚಿತ್ರಕಾರರು, ನಾಟಕಕಾರರು, ಮಕ್ಕಳಿಗೆ ಕಥೆ ಹೇಳುವ ತಾಯಂದಿರು ಅವುಗಳನ್ನು ಉಳಿಸಿದರು. ಕಲ್ಲು ಬಿದ್ದರೂ ಮಾತು ನಿಂತಿತು.

ಕರಾವಳಿಯ ಸ್ಥಿತಿ ಇದಕ್ಕೆ ತಿರುಗುಮುರುಗಾಗಬಾರದು. ಮುರ್ಡೇಶ್ವರದಲ್ಲಿ ಇಂದು 123 ಅಡಿ ಎತ್ತರದ ಶಿವನ ಮೂರ್ತಿಯಿದೆ. 20 ಅಂತಸ್ತಿನ ರಾಜಗೋಪುರವಿದೆ. ದೂರದೂರದಿಂದ ಯಾತ್ರಿಕರು ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಇದು ಸಂತೋಷದ ವಿಷಯವೇ. ಆದರೆ ಕೈಕಸಿಯ ಮರಳಿನ ಲಿಂಗ ಏಕೆ ಕೊಚ್ಚಿಹೋಯಿತು, ದನ ಕಾಯುವ ಹುಡುಗ ಮೂರು ಸಲ ಏಕೆ ಕೂಗಿದ ಎಂಬುದನ್ನು ಹೇಳಬಲ್ಲ ಮಕ್ಕಳು ಆ ಊರಿನಲ್ಲಿಯೇ ಕಡಿಮೆಯಾದರೆ, ಆಗ ಗೋಪುರ ಬೆಳೆದು ಕಥೆ ಕುಗ್ಗಿದಂತಾಗುತ್ತದೆ. ಕಥೆಯಿಲ್ಲದ ಗೋಪುರ ಎಷ್ಟು ಎತ್ತರವಾದರೂ ಕೇವಲ ಕಟ್ಟಡ. ಕಥೆಯನ್ನು ಕಟ್ಟಲು ಕಲ್ಲು ಬೇಡ, ಹಣ ಬೇಡ. ಹೇಳುವ ಒಬ್ಬ ಅಜ್ಜಿ, ಕೇಳುವ ಒಂದು ಮಗು ಸಾಕು.

ಆದುದರಿಂದ ಶಾಲೆಯ ಮಕ್ಕಳು ಹರ್ಮಿಸನ ಕಥೆಯನ್ನೂ ಮೈಡಾಸನ ಕಥೆಯನ್ನೂ ಸಂತೋಷದಿಂದ ಓದಲಿ. ಓದಿದ ಸಂಜೆ ಮನೆಗೆ ಹೋಗಿ, ತಮ್ಮ ಊರಿನ ಗುಡ್ಡಕ್ಕೆ ಆ ಹೆಸರು ಹೇಗೆ ಬಂತು, ಗುಡಿಯ ದೇವರು ಅಲ್ಲಿಯೇ ಏಕೆ ನೆಲೆನಿಂತಿತು, ದರ್ಗೆಯ ಬಗ್ಗೆ ಹಿರಿಯರು ಏನು ಹೇಳುತ್ತಾರೆ, ಬಸದಿಯನ್ನು ಕಟ್ಟಿಸಿದವರು ಯಾರು ಎಂದು ಕೇಳಲಿ. ಕೇಳಿದುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಗ್ರೀಕರ ಕಥೆಗಳು ಎರಡು ಸಾವಿರ ವರ್ಷ ದಾಟಿ ಬಂದುದು ಹೀಗೆ ಕೇಳಿದವರಿಂದ, ಹೀಗೆ ಬರೆದಿಟ್ಟವರಿಂದ. ಪಡುಗಡಲಿನ ತಡಿಯ ಕಥೆಗಳೂ ಮುಂದಿನ ತಲೆಮಾರನ್ನು ಮುಟ್ಟಬೇಕಾದರೆ ಆ ಕೆಲಸವನ್ನು ಬೇರೆ ಯಾರೂ ಬಂದು ಮಾಡಿಕೊಡುವುದಿಲ್ಲ.